ವಾರ್ಷಿಕ ಕಾರ್ಯನಿರ್ವಹಣಾ ವರದಿ: ಸ್ವಮೌಲ್ಯಮಾಪನವನ್ನು ಬರೆಯುವ ಕ್ರಮ

ನೌಕರರ ಮತ್ತು ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಸರ್ಕಾರಿ ನೌಕರರು ಒಂದು ವರ್ಷದಲ್ಲಿ ನಿರ್ವಹಿಸಿದ ಕೆಲಸವನ್ನು ಅಳೆದು ದಾಖಲಿಸುವ ಪತ್ರಕ್ಕೆ ವಾರ್ಷಿಕ ಕಾರ್ಯನಿರ್ವಹಣಾ ಮೌಲ್ಯಮಾಪನ ವರದಿ ಎಂದು ಹೆಸರು. ಕೇಂದ್ರ ಸರ್ಕಾರದ ಕಛೇರಿಗಳಲ್ಲಿ ಇದನ್ನು ಎ.ಪಿ.ಎ.ಆರ್. ಎಂಬ ಹ್ರಸ್ವನಾಮದಿಂದ ಗುರುತಿಸಲಾಗುತ್ತದೆ. ಈ ವರದಿಯ ಬಹುಭಾಗವನ್ನು ಮೇಲಧಿಕಾರಿಗಳು ಬರೆಯುತ್ತಾರೆ. ನೌಕರರು ತಮ್ಮ ಕೆಲಸದ ಬಗ್ಗೆ ತಾವೇ ಬರೆಯುವುದಕ್ಕೆ ಅವಕಾಶವಿರುವುದು ಒಂದೇ ಭಾಗದಲ್ಲಿ. ಅದೇ ಸ್ವಮೌಲ್ಯಮಾಪನ.

ಈ ಭಾಗವನ್ನು ಅನೇಕರು ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳ ಒತ್ತಡದ ನಡುವೆ, ಹಿಂದಿನ ವರ್ಷದ ಪ್ರತಿಯನ್ನು ನೋಡಿಕೊಂಡು, ನಾಲ್ಕು ಸಾಲುಗಳಲ್ಲಿ ಮುಗಿಸುವುದು ಕಂಡುಬಂದಿದೆ. ಬರೆದವರಿಗೆ ಅದು ಅಂದಿನ ಒಂದು ಕಾಗದ ಮಾತ್ರ. ಆದರೆ ಇಲಾಖಾ ಮುಂಬಡ್ತಿ ಸಮಿತಿಯು ಸಾಮಾನ್ಯವಾಗಿ ಹಿಂದಿನ ಐದು ವರ್ಷಗಳ ವರದಿಗಳನ್ನು ಪರಿಶೀಲಿಸುತ್ತದೆ. ಆ ಹೊತ್ತಿಗೆ ವರದಿ ಬರೆದ ಅಧಿಕಾರಿ ವರ್ಗಾವಣೆಗೊಂಡಿರಬಹುದು ಅಥವಾ ನಿವೃತ್ತರಾಗಿರಬಹುದು. ಸಮಿತಿಯ ಸದಸ್ಯರು ನೌಕರರ ಕೆಲಸವನ್ನು ಕಣ್ಣಾರೆ ಕಂಡವರಲ್ಲ. ಅವರ ಮುಂದೆ ಇರುವುದು ಕಾಗದದ ಮೇಲಿನ ಅಕ್ಷರಗಳು ಮಾತ್ರ.

ಸ್ವಮೌಲ್ಯಮಾಪನವು ಆತ್ಮಪ್ರಶಂಸೆಯೂ ಅಲ್ಲ, ತಪ್ಪೊಪ್ಪಿಗೆಯೂ ಅಲ್ಲ. ಅದು ಒಂದು ವರ್ಷದ ಕೆಲಸದ ಲೆಕ್ಕ. ಯಾವುದೇ ಲೆಕ್ಕದಂತೆ ಅದು ತಾಳೆಯಾಗಬೇಕು. ಪ್ರತಿ ನಮೂದಿಗೂ ದಾಖಲೆಯ ಆಧಾರವಿರಬೇಕು. ಈ ದೃಷ್ಟಿಯಿಂದ ಅನುಸರಿಸಬೇಕಾದ ಕ್ರಮವನ್ನು ಕೆಳಗೆ ವಿವರಿಸಲಾಗಿದೆ. ವಿವರಣೆಯು ಮುಖ್ಯವಾಗಿ ಕರ್ನಾಟಕದಲ್ಲಿರುವ ಕೇಂದ್ರ ಸರ್ಕಾರದ ಕಛೇರಿಗಳ ನೌಕರರಿಗೆ ಅನ್ವಯಿಸುತ್ತದೆ. ರಾಜ್ಯ ಸರ್ಕಾರಿ ನೌಕರರಿಗೂ ಸಾರ್ವಜನಿಕರಿಗೂ ಸಂಬಂಧಿಸಿದ ಅಂಶಗಳನ್ನು ಕೊನೆಯ ಪ್ರಶ್ನೋತ್ತರ ಭಾಗದಲ್ಲಿ ನೀಡಲಾಗಿದೆ.

2. ಹಿನ್ನೆಲೆ

ಹಿಂದೆ ಈ ಪತ್ರಕ್ಕೆ ವಾರ್ಷಿಕ ಗೌಪ್ಯ ವರದಿ ಎಂಬ ಹೆಸರಿತ್ತು. ಪ್ರತಿಕೂಲ ಅಭಿಪ್ರಾಯವಿದ್ದರೆ ಮಾತ್ರ ಅದನ್ನು ನೌಕರರಿಗೆ ತಿಳಿಸಲಾಗುತ್ತಿತ್ತು. ‘ಉತ್ತಮ’ ಎಂಬ ಶ್ರೇಣಿ ದೊರೆತವರಿಗೆ ಏನನ್ನೂ ತಿಳಿಸುತ್ತಿರಲಿಲ್ಲ. ಮುಂಬಡ್ತಿಗೆ ‘ಅತ್ಯುತ್ತಮ’ ಶ್ರೇಣಿ ಅಗತ್ಯವಿದ್ದ ಹುದ್ದೆಗಳಲ್ಲಿ ಈ ‘ಉತ್ತಮ’ವೇ ಅಡ್ಡಿಯಾಗುತ್ತಿತ್ತು, ಮತ್ತು ಆ ಸಂಗತಿ ನೌಕರರಿಗೆ ಗೊತ್ತೇ ಆಗುತ್ತಿರಲಿಲ್ಲ.

ಗಡಿ ರಸ್ತೆ ಸಂಸ್ಥೆಯ ಎಂಜಿನಿಯರ್ ದೇವ್ ದತ್ ಅವರ ಪ್ರಕರಣದಲ್ಲಿ ಹೀಗೆಯೇ ಆಯಿತು. 1993-94ನೇ ಸಾಲಿನ ಒಂದೇ ಒಂದು ‘ಉತ್ತಮ’ ನಮೂದಿನಿಂದ ಅವರಿಗೆ ಮುಂಬಡ್ತಿ ತಪ್ಪಿತ್ತು. ಸರ್ವೋಚ್ಚ ನ್ಯಾಯಾಲಯವು 2008ರ ಮೇ 12ರಂದು ನೀಡಿದ ತೀರ್ಪಿನಲ್ಲಿ, ನಮೂದು ಒಳ್ಳೆಯದಿರಲಿ ಕೆಟ್ಟದ್ದಿರಲಿ ಎಲ್ಲವನ್ನೂ ನೌಕರರಿಗೆ ತಿಳಿಸಬೇಕೆಂದು ಹೇಳಿತು. ಆ ವೇಳೆಗೆ ಅವರು ಸೇವೆಯಿಂದ ನಿವೃತ್ತರಾಗಿದ್ದರು. 2013ರಲ್ಲಿ ಸುಖದೇವ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು ಇದೇ ನಿಲುವನ್ನು ಎತ್ತಿಹಿಡಿಯಿತು.

ಸಿಬ್ಬಂದಿ ಮತ್ತು ತರಬೇತಿ ಇಲಾಖೆಯು 2009ರ ಮೇ 14ರ ಕಛೇರಿ ಜ್ಞಾಪನದ ಮೂಲಕ ವರದಿಯ ಹೆಸರನ್ನು ಬದಲಾಯಿಸಿತು. 2008-09ನೇ ಸಾಲಿನ ವರದಿಯಿಂದ ಆರಂಭಿಸಿ ಪೂರ್ಣ ವರದಿಯನ್ನು ಸಂಬಂಧಿಸಿದ ನೌಕರರಿಗೆ ತಿಳಿಸುವ ವ್ಯವಸ್ಥೆ ಜಾರಿಗೆ ಬಂದಿತು. ಈ ಬದಲಾವಣೆಯಿಂದ ಸ್ವಮೌಲ್ಯಮಾಪನದ ಮಹತ್ವ ಹೆಚ್ಚಿದೆ. ಶ್ರೇಣಿಯು ಸರಿಯಿಲ್ಲವೆಂದು ಮನವಿ ಸಲ್ಲಿಸುವ ನೌಕರರು ತಮ್ಮ ವಾದಕ್ಕೆ ಮೊದಲು ತೋರಿಸಬೇಕಾದ ದಾಖಲೆ ತಮ್ಮದೇ ಸ್ವಮೌಲ್ಯಮಾಪನವಾಗಿರುತ್ತದೆ. ಅಲ್ಲಿ ಏನನ್ನೂ ಬರೆಯದಿದ್ದರೆ ಮನವಿಗೆ ಬುನಾದಿ ಇರುವುದಿಲ್ಲ.

3. ವೇಳಾಪಟ್ಟಿ

2009ರ ಜುಲೈ 23ರ ಕಛೇರಿ ಜ್ಞಾಪನದಲ್ಲಿ ನಿಗದಿಪಡಿಸಿದ ಹಂತಗಳು ಈ ಕೆಳಗಿನಂತಿವೆ. ವರದಿ ವರ್ಷವು ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಇರುತ್ತದೆ.

(ಅ) ಖಾಲಿ ನಮೂನೆಯ ವಿತರಣೆ: ಮಾರ್ಚ್ 31.
(ಆ) ಸ್ವಮೌಲ್ಯಮಾಪನವನ್ನು ವರದಿ ಮಾಡುವ ಅಧಿಕಾರಿಗೆ ಸಲ್ಲಿಸುವುದು: ಏಪ್ರಿಲ್ 15.
(ಇ) ವರದಿ ಮಾಡುವ ಅಧಿಕಾರಿಯಿಂದ ಪುನರ್ವಿಮರ್ಶಿಸುವ ಅಧಿಕಾರಿಗೆ ರವಾನೆ: ಜೂನ್ 30.
(ಈ) ಪುನರ್ವಿಮರ್ಶೆ ಮುಗಿಸುವುದು: ಜುಲೈ 31. ಅಂಗೀಕರಿಸುವ ಅಧಿಕಾರಿ ಇದ್ದಲ್ಲಿ ಆ ಹಂತ: ಆಗಸ್ಟ್ 31.
(ಉ) ವರದಿಯನ್ನು ನೌಕರರಿಗೆ ತಿಳಿಸುವುದು: ಸೆಪ್ಟೆಂಬರ್ 1. ಅಂಗೀಕರಿಸುವ ಅಧಿಕಾರಿ ಇದ್ದಲ್ಲಿ ಸೆಪ್ಟೆಂಬರ್ 15.
(ಊ) ನೌಕರರು ಮನವಿ ಸಲ್ಲಿಸಲು ಅವಕಾಶ: ವರದಿ ಕೈಸೇರಿದ ದಿನದಿಂದ 15 ದಿನ.
(ಋ) ಇಡೀ ಪ್ರಕ್ರಿಯೆಯ ಮುಕ್ತಾಯ: ನವೆಂಬರ್ 30.

ಅನೇಕ ಸೇವೆಗಳಲ್ಲಿ ಈ ಹಂತಗಳು ಸ್ಪ್ಯಾರೋ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ನಡೆಯುತ್ತವೆ. ಕೆಲವು ವರ್ಷಗಳಲ್ಲಿ ದಿನಾಂಕಗಳನ್ನು ವಿಸ್ತರಿಸಲಾಗುವುದರಿಂದ ಆಯಾ ವರ್ಷದ ಸುತ್ತೋಲೆಯನ್ನು ನೋಡಿಕೊಳ್ಳತಕ್ಕದ್ದು.

ನಿಗದಿತ ದಿನಾಂಕದೊಳಗೆ ಸ್ವಮೌಲ್ಯಮಾಪನ ಬಾರದಿದ್ದರೆ, ವರದಿ ಮಾಡುವ ಅಧಿಕಾರಿಯು ನೆನಪೋಲೆ ನೀಡಿ, ನಂತರವೂ ಬಾರದಿದ್ದಲ್ಲಿ ಅದಿಲ್ಲದೆಯೇ ತಮಗೆ ತಿಳಿದಂತೆ ವರದಿ ಬರೆಯಬಹುದು. ಹೀಗಾದಾಗ ನೌಕರರ ಮಾತು ಆ ವರ್ಷದ ದಾಖಲೆಯಲ್ಲಿ ಇಲ್ಲವಾಗುತ್ತದೆ.

ವರದಿ ಮಾಡುವ ಅಧಿಕಾರಿಯು ನೌಕರರ ಕೆಲಸವನ್ನು ಕನಿಷ್ಠ ಮೂರು ತಿಂಗಳು ಮೇಲ್ವಿಚಾರಣೆ ಮಾಡಿರಬೇಕು. ನಿವೃತ್ತರಾಗುವ ಅಧಿಕಾರಿಗೆ ವರದಿ ಬರೆಯಲು ನಿವೃತ್ತಿಯ ನಂತರ ಒಂದು ತಿಂಗಳ ಅವಕಾಶ ಮಾತ್ರ ಇರುತ್ತದೆ. ಆದುದರಿಂದ ವರ್ಷದ ನಡುವೆ ತಮಗೋ ತಮ್ಮ ಅಧಿಕಾರಿಗೋ ವರ್ಗಾವಣೆ ಅಥವಾ ನಿವೃತ್ತಿ ಇದ್ದಲ್ಲಿ, ನೌಕರರು ಮಾರ್ಚ್ ತಿಂಗಳಿಗೆ ಕಾಯದೆ ಆ ಅವಧಿಯ ಸ್ವಮೌಲ್ಯಮಾಪನವನ್ನು ಆಗಲೇ ಸಲ್ಲಿಸುವುದು ಕ್ಷೇಮ.

4. ಅಂಕಗಳು ಮತ್ತು ಶ್ರೇಣಿ

ವರದಿ ಮಾಡುವ ಅಧಿಕಾರಿಯು 1ರಿಂದ 10ರವರೆಗೆ ಅಂಕ ನೀಡುತ್ತಾರೆ. ಕೆಲಸದ ಫಲಿತಾಂಶಕ್ಕೆ ಶೇ. 40, ವೈಯಕ್ತಿಕ ಗುಣಗಳಿಗೆ ಶೇ. 30 ಮತ್ತು ಕಾರ್ಯಸಾಮರ್ಥ್ಯಕ್ಕೆ ಶೇ. 30ರಷ್ಟು ಪ್ರಾಮುಖ್ಯ ಇರುತ್ತದೆ. ಒಟ್ಟು ಅಂಕ 8ರಿಂದ 10 ಇದ್ದರೆ ‘ಅಸಾಧಾರಣ’, 6ರಿಂದ 8ಕ್ಕಿಂತ ಕಡಿಮೆ ಇದ್ದರೆ ‘ಅತ್ಯುತ್ತಮ’, 4ರಿಂದ 6ಕ್ಕಿಂತ ಕಡಿಮೆ ಇದ್ದರೆ ‘ಉತ್ತಮ’ ಎಂದು ಪರಿಗಣಿಸಲಾಗುತ್ತದೆ. 4ಕ್ಕಿಂತ ಕಡಿಮೆ ಅಂಕವನ್ನು ಮುಂಬಡ್ತಿಯ ಸರಾಸರಿ ಲೆಕ್ಕದಲ್ಲಿ ಸೊನ್ನೆ ಎಂದು ಹಿಡಿಯಲಾಗುತ್ತದೆ.

ಈ ಶ್ರೇಣಿಯು ಮುಂಬಡ್ತಿಗೆ ಮಾತ್ರ ಸೀಮಿತವಲ್ಲ. ಸೇವೆಯಲ್ಲಿ 10, 20 ಮತ್ತು 30 ವರ್ಷ ಪೂರೈಸಿದವರಿಗೆ ನೀಡುವ ಆರ್ಥಿಕ ಮೇಲ್ದರ್ಜೆಗೂ 2016ರ ಜುಲೈ 25ರಿಂದ ‘ಅತ್ಯುತ್ತಮ’ ಶ್ರೇಣಿಯನ್ನು ಮಾನದಂಡವಾಗಿ ನಿಗದಿಪಡಿಸಲಾಗಿದೆ. ಅದಕ್ಕೆ ಮೊದಲು ಅನೇಕ ಹಂತಗಳಲ್ಲಿ ‘ಉತ್ತಮ’ ಶ್ರೇಣಿ ಸಾಕಾಗುತ್ತಿತ್ತು. ಒಂದು ವರ್ಷದ ಅರ್ಧ ಅಂಕದ ವ್ಯತ್ಯಾಸವು ನೌಕರರ ಕುಟುಂಬದ ತಿಂಗಳ ಆದಾಯವನ್ನು ತಟ್ಟಬಹುದು ಎಂಬುದನ್ನು ಗಮನಿಸತಕ್ಕದ್ದು.

ಮಾರ್ಗಸೂಚಿಯ ಇನ್ನೊಂದು ಅಂಶ ಇಲ್ಲಿ ಮುಖ್ಯವಾದುದು. 9 ಅಥವಾ 10 ಅಂಕ ನೀಡುವ ಅಧಿಕಾರಿಯು ಅದಕ್ಕೆ ನಿರ್ದಿಷ್ಟ ಸಾಧನೆಗಳನ್ನು ಕಾರಣವಾಗಿ ಬರೆಯಬೇಕು. 1 ಅಥವಾ 2 ಅಂಕ ನೀಡಿದರೆ ನಿರ್ದಿಷ್ಟ ವೈಫಲ್ಯಗಳನ್ನು ತೋರಿಸಬೇಕು. ಅಂದರೆ, ನೌಕರರ ಬಗ್ಗೆ ಸದಭಿಪ್ರಾಯವಿರುವ ಅಧಿಕಾರಿಗೂ ಬರಿಯ ಅಭಿಪ್ರಾಯ ಸಾಲದು, ಉದಾಹರಣೆಗಳು ಬೇಕು. ಹತ್ತಾರು ನೌಕರರ ವರದಿ ಬರೆಯುವ ಅಧಿಕಾರಿಗೆ ಪ್ರತಿಯೊಬ್ಬರ ವರ್ಷದ ಕೆಲಸವೂ ನೆನಪಿನಲ್ಲಿ ಉಳಿದಿರುವುದಿಲ್ಲ. ಆ ಉದಾಹರಣೆಗಳನ್ನು ಒದಗಿಸುವುದೇ ಸ್ವಮೌಲ್ಯಮಾಪನದ ಕೆಲಸ.

5. ಸ್ವಮೌಲ್ಯಮಾಪನದ ಅಂಕಣಗಳು

ನಮೂನೆಯ ಮೊದಲ ಭಾಗದಲ್ಲಿ ಹೆಸರು, ಹುದ್ದೆ, ರಜೆಯ ಅವಧಿ, ತರಬೇತಿ ಮುಂತಾದ ವಿವರಗಳಿದ್ದು ಅವುಗಳನ್ನು ಆಡಳಿತ ಶಾಖೆಯು ತುಂಬುತ್ತದೆ. ಎರಡನೆಯ ಭಾಗವೇ ಸ್ವಮೌಲ್ಯಮಾಪನ. ಹುದ್ದೆಗೆ ಅನುಗುಣವಾಗಿ ಸಣ್ಣ ವ್ಯತ್ಯಾಸಗಳಿದ್ದರೂ ಸಾಮಾನ್ಯವಾಗಿ ಐದು ಅಂಶಗಳಿರುತ್ತವೆ:

(1) ಕರ್ತವ್ಯಗಳ ಸಂಕ್ಷಿಪ್ತ ವಿವರ.
(2) ವರ್ಷಕ್ಕೆ ನಿಗದಿಪಡಿಸಿಕೊಂಡ ಗುರಿಗಳು, ಆದ್ಯತೆಯ ಕ್ರಮದಲ್ಲಿ, ಮತ್ತು ಪ್ರತಿಯೊಂದರ ಎದುರು ಸಾಧನೆ.
(3) ಗುರಿ ತಲಪದಿದ್ದಲ್ಲಿ ಕೊರತೆ ಮತ್ತು ಅಡಚಣೆಗಳು.
(4) ಗುರಿಯನ್ನು ಮೀರಿದ ಸಾಧನೆ ಮತ್ತು ಅದರಲ್ಲಿ ನೌಕರರ ಸ್ವಂತ ಪಾತ್ರ.
(5) ಸ್ಥಿರಾಸ್ತಿಯ ವಾರ್ಷಿಕ ವಿವರಣ ಪಟ್ಟಿಯನ್ನು ಜನವರಿ 31ರೊಳಗೆ ಸಲ್ಲಿಸಲಾಗಿದೆಯೇ ಎಂಬ ಹೇಳಿಕೆ.

6. ಬರೆಯುವ ಕ್ರಮ

ಕೇಂದ್ರ ಸರ್ಕಾರದ ಕಛೇರಿಯೊಂದರಲ್ಲಿ ಪಿಂಚಣಿ ಶಾಖೆಯ ಮೇಲ್ವಿಚಾರಣೆ ನೋಡಿಕೊಳ್ಳುವ ನೌಕರರೊಬ್ಬರನ್ನು ಉದಾಹರಣೆಗಾಗಿ ಕಲ್ಪಿಸಿಕೊಂಡು ಪ್ರತಿ ಅಂಕಣವನ್ನು ಕೆಳಗೆ ವಿವರಿಸಲಾಗಿದೆ. ಉದಾಹರಣೆಯಲ್ಲಿನ ಅಂಕಿಗಳು ಮಾದರಿಗಾಗಿ ಮಾತ್ರ.

6.1 ಕರ್ತವ್ಯಗಳ ವಿವರ

ಈ ಅಂಕಣದಲ್ಲಿ ಕಛೇರಿಯ ಚರಿತ್ರೆಯನ್ನಾಗಲಿ ಶಾಖೆಯ ಎಲ್ಲ ಕೆಲಸಗಳನ್ನಾಗಲಿ ಬರೆಯಬೇಕಾಗಿಲ್ಲ. ಶಾಖೆಯ ಕೆಲಸ ಯಾವುದು, ಅದರಲ್ಲಿ ತಮ್ಮ ಪಾಲು ಯಾವುದು, ತಮ್ಮ ಅಧೀನದಲ್ಲಿ ಎಷ್ಟು ಮಂದಿ ಇದ್ದಾರೆ, ಯಾವ ಹಂತದವರೆಗೆ ತಾವೇ ತೀರ್ಮಾನ ತೆಗೆದುಕೊಳ್ಳಬಹುದು ಎಂಬ ನಾಲ್ಕು ಸಂಗತಿಗಳು ಸಾಕು. ಮಂಜೂರಾದ ಹುದ್ದೆಗಳು ಖಾಲಿ ಇದ್ದಲ್ಲಿ ಅದನ್ನೂ ಇಲ್ಲಿ ತಿಳಿಸತಕ್ಕದ್ದು. ಐವರು ಮಾಡಬೇಕಾದ ಕೆಲಸವನ್ನು ಮೂವರು ಮಾಡಿದ್ದರೆ, ಮುಂದೆ ಬರುವ ಅಂಕಿಗಳನ್ನು ಓದುವವರು ಅದಕ್ಕೆ ತಕ್ಕಂತೆ ಓದುತ್ತಾರೆ.

6.2 ಗುರಿ ಮತ್ತು ಸಾಧನೆ

ಸಾಮಾನ್ಯವಾಗಿ ಕಂಡುಬರುವ ಬರಹ ಹೀಗಿರುತ್ತದೆ: “ಶಾಖೆಗೆ ಬಂದ ಎಲ್ಲ ಪಿಂಚಣಿ ಪ್ರಕರಣಗಳನ್ನು ಶ್ರದ್ಧೆಯಿಂದ ವಿಲೇವಾರಿ ಮಾಡಿರುತ್ತೇನೆ. ಮೇಲಧಿಕಾರಿಗಳು ವಹಿಸಿದ ಇತರ ಕೆಲಸಗಳನ್ನೂ ತೃಪ್ತಿಕರವಾಗಿ ನಿರ್ವಹಿಸಿರುತ್ತೇನೆ.”

ಈ ಎರಡು ವಾಕ್ಯಗಳಲ್ಲಿ ಸುಳ್ಳಿಲ್ಲದಿರಬಹುದು. ಆದರೆ ಪರಿಶೀಲಿಸಬಹುದಾದ ಒಂದು ಸಂಗತಿಯೂ ಇಲ್ಲ. ಶ್ರದ್ಧೆ ಇತ್ತೋ ಇಲ್ಲವೋ, ಕೆಲಸ ತೃಪ್ತಿಕರವೋ ಅಲ್ಲವೋ ಎಂಬುದು ಓದುವವರು ತೀರ್ಮಾನಿಸಬೇಕಾದ ವಿಷಯ. ನೌಕರರು ಒದಗಿಸಬೇಕಾದುದು ಆ ತೀರ್ಮಾನಕ್ಕೆ ಬೇಕಾದ ಲೆಕ್ಕವನ್ನು.

ನಗದು ಪುಸ್ತಕವನ್ನು ಬಲ್ಲವರಿಗೆ ಈ ಲೆಕ್ಕ ಸುಲಭ. ಆರಂಭಿಕ ಶಿಲ್ಕು, ಜಮೆ, ಖರ್ಚು, ಅಂತಿಮ ಶಿಲ್ಕು ಎಂಬ ನಾಲ್ಕು ಅಂಕಿಗಳು ಹೇಗೆ ಒಂದಕ್ಕೊಂದು ತಾಳೆಯಾಗುತ್ತವೆಯೋ ಹಾಗೆಯೇ ಕಡತಗಳ ಲೆಕ್ಕವೂ ತಾಳೆಯಾಗಬೇಕು. ಮೇಲಿನ ಬರಹವನ್ನು ಹೀಗೆ ತಿದ್ದಬಹುದು:

“ಪಿಂಚಣಿ ಪ್ರಕರಣಗಳು: ಏಪ್ರಿಲ್ 1ರಂದು ಬಾಕಿ 84, ವರ್ಷದಲ್ಲಿ ಸ್ವೀಕೃತಿ 612, ಒಟ್ಟು 696, ವಿಲೇವಾರಿ 655, ಮಾರ್ಚ್ 31ರಂದು ಬಾಕಿ 41. ಬಾಕಿ ಇರುವ 41ರಲ್ಲಿ 29 ಪ್ರಕರಣಗಳಲ್ಲಿ ಅರ್ಜಿದಾರರಿಂದ ದಾಖಲೆಗಳು ಬರಬೇಕಾಗಿದ್ದು, 12 ಪ್ರಕರಣಗಳು ಇತರ ಕಛೇರಿಗಳ ಸ್ಪಷ್ಟನೆಗಾಗಿ ಕಾಯುತ್ತಿವೆ. ಆಧಾರ: ಶಾಖೆಯ ಪ್ರಕರಣ ವಹಿ.”

‘ವಿಲೇವಾರಿ 655’ ಎಂದಷ್ಟೇ ಬರೆದಿದ್ದರೆ ಅದು ಹೆಚ್ಚೋ ಕಡಿಮೆಯೋ ಎಂಬುದು ತಿಳಿಯುತ್ತಿರಲಿಲ್ಲ. ಆರಂಭದ ಬಾಕಿ ಮತ್ತು ಅಂತ್ಯದ ಬಾಕಿ ಎರಡನ್ನೂ ತೋರಿಸಿದಾಗ, ಬಂದಷ್ಟನ್ನೂ ಮುಗಿಸಿ ಹಳೆಯ ಬಾಕಿಯಲ್ಲಿ 43ನ್ನು ಕಡಿಮೆ ಮಾಡಲಾಗಿದೆ ಎಂಬುದು ಯಾವ ವಿಶೇಷಣವೂ ಇಲ್ಲದೆ ಸ್ಪಷ್ಟವಾಗುತ್ತದೆ.

ಗುರಿಗಳ ಸಂಖ್ಯೆ ಎಂಟು ಅಥವಾ ಹತ್ತನ್ನು ಮೀರದಿರಲಿ. ಅತಿ ಮುಖ್ಯವಾದುದು ಮೊದಲು ಬರಲಿ. ಅಂಕಿಗಳಲ್ಲಿ ಅಳೆಯಲಾಗದ ಕೆಲಸವಿದ್ದರೆ, ಉದಾಹರಣೆಗೆ ನಿಯಮಾವಳಿಯ ಕರಡು ಸಿದ್ಧಪಡಿಸುವುದು ಅಥವಾ ನ್ಯಾಯಾಲಯದ ಪ್ರಕರಣಕ್ಕೆ ಉತ್ತರ ತಯಾರಿಸುವುದು, ಅಂತಹ ಕೆಲಸದ ದಿನಾಂಕವನ್ನೂ ಫಲವನ್ನೂ ಬರೆಯಬೇಕು: ಎಂದು ವಹಿಸಲಾಯಿತು, ಎಂದು ಸಲ್ಲಿಸಲಾಯಿತು, ಅದರಿಂದ ಏನಾಯಿತು.

6.3 ಕೊರತೆಗಳು

ನೌಕರರು ಅತಿ ಹೆಚ್ಚು ಅಳುಕುವ ಅಂಕಣ ಇದು. ಬಹುಪಾಲು ವರದಿಗಳಲ್ಲಿ ಇಲ್ಲಿ ‘ಇಲ್ಲ’ ಎಂಬ ಒಂದೇ ಪದ ಇರುತ್ತದೆ. ಬಾಕಿ ಇರುವ ಶಾಖೆಯಲ್ಲಿ ಕೊರತೆ ‘ಇಲ್ಲ’ ಎಂದು ಬರೆದರೆ ಹಿಂದಿನ ಅಂಕಣದ ಲೆಕ್ಕವೇ ಅದನ್ನು ಅಲ್ಲಗಳೆಯುತ್ತದೆ. ಮೇಲಾಗಿ, ಅನೇಕ ನಮೂನೆಗಳಲ್ಲಿ ವರದಿ ಮಾಡುವ ಅಧಿಕಾರಿಯು ನೌಕರರ ಹೇಳಿಕೆಯನ್ನು ಒಪ್ಪುತ್ತಾರೆಯೇ ಎಂದು ದಾಖಲಿಸಬೇಕಾಗಿರುತ್ತದೆ. ನೌಕರರು ಬಿಟ್ಟದ್ದನ್ನು ಅಧಿಕಾರಿ ಬರೆದಾಗ ಕೊರತೆಯ ಜೊತೆಗೆ ಮರೆಮಾಚಿದ ದೋಷವೂ ಸೇರುತ್ತದೆ.

ಕೊರತೆಯನ್ನು ಬರೆಯುವಾಗ ಮೂರು ಸಂಗತಿಗಳಿರಬೇಕು: ಎಷ್ಟು ಕೊರತೆ, ಯಾವ ಕಾರಣದಿಂದ, ಏನು ಕ್ರಮ ಕೈಗೊಳ್ಳಲಾಯಿತು. ಕಾರಣಗಳಲ್ಲಿ ಹೊರಗಿನ ಅಡಚಣೆ ಮತ್ತು ತಮ್ಮದೇ ಲೋಪ ಎಂಬ ಎರಡನ್ನೂ ಬೇರ್ಪಡಿಸಿ ತೋರಿಸಬೇಕು. ಮಾದರಿ:

“ಕುಟುಂಬ ಪಿಂಚಣಿ ಪ್ರಕರಣಗಳನ್ನು 30 ದಿನಗಳೊಳಗೆ ಮುಗಿಸುವ ಗುರಿ ಇತ್ತು. ವರ್ಷದಲ್ಲಿ ತೀರ್ಮಾನವಾದ 120 ಪ್ರಕರಣಗಳಲ್ಲಿ 96 ಗುರಿಯೊಳಗೆ ಮುಗಿದವು; 24 ವಿಳಂಬವಾದವು. ಈ 24ರಲ್ಲಿ 15 ಪ್ರಕರಣಗಳಲ್ಲಿ ಸೇವಾ ಪುಸ್ತಕದಲ್ಲಿನ ಹೆಸರಿಗೂ ಅರ್ಜಿದಾರರ ದಾಖಲೆಗಳಲ್ಲಿನ ಹೆಸರಿಗೂ ವ್ಯತ್ಯಾಸವಿತ್ತು. ಉಳಿದ 9 ಪ್ರಕರಣಗಳ ವಿಳಂಬ ಶಾಖೆಯದು: ವಿಷಯ ನಿರ್ವಾಹಕರೊಬ್ಬರು ಮೂರು ವಾರ ರಜೆಯಲ್ಲಿದ್ದಾಗ ಅವರ ಕಡತಗಳನ್ನು ನಾನು ಬೇರೆಯವರಿಗೆ ಹಂಚಿರಲಿಲ್ಲ. ಸೆಪ್ಟೆಂಬರ್ ಅಂತ್ಯದಲ್ಲಿ ಇದನ್ನು ಗಮನಿಸಿ, ರಜೆ ಮಂಜೂರಾದ ದಿನವೇ ಕಡತ ಹಂಚುವ ಕ್ರಮವನ್ನೂ ಅರ್ಜಿ ಸ್ವೀಕರಿಸುವಾಗಲೇ ಹೆಸರುಗಳನ್ನು ತಾಳೆ ನೋಡುವ ತಪಶೀಲು ಪಟ್ಟಿಯನ್ನೂ ಜಾರಿಗೆ ತಂದೆ. ಮೊದಲ ಆರು ತಿಂಗಳಲ್ಲಿ 62 ಪ್ರಕರಣಗಳಲ್ಲಿ 18 ವಿಳಂಬವಾಗಿದ್ದರೆ, ನಂತರದ ಆರು ತಿಂಗಳಲ್ಲಿ 58ರಲ್ಲಿ 6 ಮಾತ್ರ ವಿಳಂಬವಾದವು.”

ಈ ಬರಹದಲ್ಲಿ ನೌಕರರು ತಮ್ಮ ಲೋಪವನ್ನು ಒಪ್ಪಿಕೊಂಡಿದ್ದಾರೆ. ಅದರಿಂದ ಅವರ ವರದಿ ದುರ್ಬಲವಾಗುವುದಿಲ್ಲ. ಲೋಪವನ್ನು ಕಂಡುಹಿಡಿದವರು ಅವರೇ, ಸರಿಪಡಿಸಿದವರೂ ಅವರೇ, ಫಲವನ್ನು ಅಳೆದವರೂ ಅವರೇ ಎಂಬುದು ದಾಖಲಾಗುತ್ತದೆ. ‘ಇಲ್ಲ’ ಎಂದು ಬರೆದಿದ್ದರೆ ಕೊರತೆಯ ಜೊತೆಗೆ ಈ ಮೂರೂ ಕಳೆದುಹೋಗುತ್ತಿದ್ದವು.

ಇನ್ನೂ ಒಂದು ಮಾತು. ವಿಳಂಬವಾದ 24 ಪ್ರಕರಣಗಳೆಂದರೆ ಮನೆಯ ದುಡಿಯುವ ವ್ಯಕ್ತಿಯನ್ನು ಕಳೆದುಕೊಂಡ ಬಳಿಕ ಪಿಂಚಣಿಗಾಗಿ ಕಾದ 24 ಕುಟುಂಬಗಳು. ಈ ಅಂಕಣವನ್ನು ಪ್ರಾಮಾಣಿಕವಾಗಿ ತುಂಬಿದ ಕಛೇರಿಯಲ್ಲಿ ಮುಂದಿನ ವರ್ಷ ಹಾಗೆ ಕಾಯುವವರ ಸಂಖ್ಯೆ ಕಡಿಮೆಯಾಗುತ್ತದೆ. ‘ಇಲ್ಲ’ ಎಂದು ಬರೆದ ಕಛೇರಿಯಲ್ಲಿ ಅವರು ಕಾದಿದ್ದರೆಂಬುದೇ ದಾಖಲಾಗುವುದಿಲ್ಲ.

6.4 ವಿಶೇಷ ಸಾಧನೆ

ನಿತ್ಯದ ಕೆಲಸವನ್ನು ವಿಶೇಷ ಸಾಧನೆಯೆಂದು ತೋರಿಸಬಾರದು. ನಿರೀಕ್ಷಿಸದೆ ಬಂದ ಕೆಲಸ, ಕೆಲಸದ ವಿಧಾನದಲ್ಲಿ ತಂದ ಬದಲಾವಣೆ, ಉಳಿಸಿದ ಸಮಯ ಅಥವಾ ಹಣ, ಇವು ಇಲ್ಲಿ ಬರಬೇಕಾದವು. ವರ್ಷಕ್ಕೆ ಒಂದು ಅಥವಾ ಎರಡು ಇದ್ದರೂ ಸಾಕು. ಏನೂ ಇಲ್ಲದ ವರ್ಷದಲ್ಲಿ ಅಂಕಣವನ್ನು ಖಾಲಿ ಬಿಡುವುದು ತಪ್ಪಲ್ಲ.

ಸಾಮೂಹಿಕ ಕೆಲಸದಲ್ಲಿ ತಮ್ಮ ಪಾತ್ರವನ್ನು ಸ್ಪಷ್ಟವಾಗಿ ಬೇರ್ಪಡಿಸಿ ಬರೆಯತಕ್ಕದ್ದು. “ಶಾಖೆಯು ಹಳೆಯ ಕಡತಗಳನ್ನು ಗಣಕೀಕರಿಸಿತು” ಎಂಬುದರಿಂದ ಯಾರು ಏನು ಮಾಡಿದರು ಎಂಬುದು ತಿಳಿಯದು. “ಕಡತಗಳ ವರ್ಗೀಕರಣ ಪಟ್ಟಿಯನ್ನು ನಾನು ಸಿದ್ಧಪಡಿಸಿದೆ, ದತ್ತಾಂಶ ನಮೂದನ್ನು ಇಬ್ಬರು ಸಹಾಯಕರು ನಿರ್ವಹಿಸಿದರು” ಎಂದಾಗ ಎಲ್ಲರಿಗೂ ನ್ಯಾಯ ದೊರೆಯುತ್ತದೆ. ಸಹೋದ್ಯೋಗಿಗಳ ಕೆಲಸವನ್ನು ತಮ್ಮದೆಂದು ಬರೆದರೆ, ಅದೇ ಅಧಿಕಾರಿಯ ಮೇಜಿಗೆ ಆ ಸಹೋದ್ಯೋಗಿಯ ಸ್ವಮೌಲ್ಯಮಾಪನವೂ ಬರುತ್ತದೆ ಎಂಬುದನ್ನು ಮರೆಯಬಾರದು.

6.5 ಸಾರ್ವಜನಿಕರೊಂದಿಗಿನ ಸಂಬಂಧ

ಸಾರ್ವಜನಿಕರೊಡನೆ ವ್ಯವಹರಿಸುವ ಹುದ್ದೆಗಳಲ್ಲಿ, ಜನರಿಗೆ ಸುಲಭವಾಗಿ ದೊರೆಯುವುದು ಮತ್ತು ಅವರ ಅಗತ್ಯಗಳಿಗೆ ಸ್ಪಂದಿಸುವುದರ ಬಗ್ಗೆ ವರದಿ ಮಾಡುವ ಅಧಿಕಾರಿಯು ಅಭಿಪ್ರಾಯ ಬರೆಯುತ್ತಾರೆ. ದುರ್ಬಲ ವರ್ಗಗಳ ಬಗೆಗಿನ ಧೋರಣೆಯನ್ನೂ ಅವರು ದಾಖಲಿಸುತ್ತಾರೆ. ಇವುಗಳಿಗೆ ಆಧಾರವಾಗುವ ಸಂಗತಿಗಳಿದ್ದಲ್ಲಿ, ಉದಾಹರಣೆಗೆ ವೃದ್ಧ ಪಿಂಚಣಿದಾರರ ಮನೆಗೇ ಹೋಗಿ ಜೀವಂತ ಪ್ರಮಾಣಪತ್ರ ಪಡೆದುಕೊಂಡದ್ದು ಅಥವಾ ಅರ್ಜಿ ತುಂಬಲು ಬಾರದವರಿಗೆ ನೆರವಿನ ವ್ಯವಸ್ಥೆ ಮಾಡಿದ್ದು, ಅವುಗಳನ್ನು ಸಂಖ್ಯೆ ಮತ್ತು ದಿನಾಂಕಸಹಿತ ಸಾಧನೆಗಳ ಸಾಲಿನಲ್ಲಿ ಸೇರಿಸಬಹುದು.

7. ವರ್ಷವಿಡೀ ಇಡಬೇಕಾದ ಟಿಪ್ಪಣಿ

ಮಾರ್ಚ್ ಅಂತ್ಯದಲ್ಲಿ ಕುಳಿತು ನೆನಪಿಸಿಕೊಂಡರೆ ಜನವರಿಯಿಂದೀಚಿನ ಕೆಲಸಗಳು ಮಾತ್ರ ಹೊಳೆಯುತ್ತವೆ. ಏಪ್ರಿಲ್‌ನಿಂದ ದೀಪಾವಳಿಯವರೆಗಿನ ದುಡಿಮೆ ಮಸುಕಾಗಿರುತ್ತದೆ. ಇದಕ್ಕೆ ಪರಿಹಾರವಾಗಿ ನೌಕರರು ಒಂದು ನೋಟ್ ಪುಸ್ತಕವನ್ನಿಟ್ಟು, ಪ್ರತಿ ತಿಂಗಳ ಕೊನೆಯ ಕೆಲಸದ ದಿನ ಹತ್ತು ನಿಮಿಷ ಕಳೆದು ಈ ಕೆಳಗಿನವುಗಳನ್ನು ಬರೆದಿಡುವುದು ಉಪಯುಕ್ತ:

(ಅ) ತಿಂಗಳ ಆರಂಭದ ಬಾಕಿ, ಸ್ವೀಕೃತಿ, ವಿಲೇವಾರಿ, ಅಂತ್ಯದ ಬಾಕಿ.
(ಆ) ನಿತ್ಯದ ಕೆಲಸದ ಹೊರತಾಗಿ ವಹಿಸಲಾದ ಕೆಲಸ, ಆದೇಶದ ದಿನಾಂಕ ಮತ್ತು ಕಡತ ಸಂಖ್ಯೆ.
(ಇ) ಹೆಚ್ಚುವರಿ ಪ್ರಭಾರವಿದ್ದಲ್ಲಿ ಅದರ ಅವಧಿ.
(ಈ) ಪಡೆದ ತರಬೇತಿ ಮತ್ತು ರಜೆಯ ಅವಧಿ.
(ಉ) ಎದುರಾದ ಅಡಚಣೆ ಮತ್ತು ಅದನ್ನು ಮೇಲಧಿಕಾರಿಗಳ ಗಮನಕ್ಕೆ ತಂದ ಟಿಪ್ಪಣಿಯ ದಿನಾಂಕ.

ಕೊನೆಯ ಅಂಶಕ್ಕೆ ವಿಶೇಷ ಮಹತ್ವವಿದೆ. ಸಿಬ್ಬಂದಿ ಕೊರತೆಯನ್ನು ವರ್ಷದ ನಡುವೆಯೇ ಲಿಖಿತವಾಗಿ ತಿಳಿಸಿದ್ದರೆ ಅದು ಕಾರಣವೆನಿಸುತ್ತದೆ. ಏಪ್ರಿಲ್ 15ರಂದು ಮೊದಲ ಬಾರಿಗೆ ಬರೆದರೆ ನೆಪವೆನಿಸುತ್ತದೆ.

8. ಸಾಮಾನ್ಯವಾಗಿ ಕಂಡುಬರುವ ದೋಷಗಳು

(ಅ) ಹಿಂದಿನ ವರ್ಷದ ಪಠ್ಯವನ್ನು ವರ್ಷ ಬದಲಿಸಿ ಸಲ್ಲಿಸುವುದು. ಐದು ವರ್ಷಗಳ ವರದಿಗಳನ್ನು ಒಟ್ಟಿಗೆ ಓದುವ ಸಮಿತಿಗೆ ಇದು ಒಡನೆಯೇ ಕಾಣುತ್ತದೆ.
(ಆ) ‘ಅವಿರತ’, ‘ಅಹರ್ನಿಶಿ’, ‘ಅತ್ಯಂತ ಸಮರ್ಪಕವಾಗಿ’ ಮುಂತಾದ ಪದಗಳಿಂದ ಅಂಕಿಗಳ ಜಾಗವನ್ನು ತುಂಬುವುದು.
(ಇ) ಕೊರತೆಗೆ ಹೆಸರು ಹಿಡಿದು ಸಹೋದ್ಯೋಗಿಗಳನ್ನೋ ಅಧಿಕಾರಿಗಳನ್ನೋ ದೂರುವುದು. ದೂರಿಗೆ ಬೇರೆ ವೇದಿಕೆಗಳಿವೆ.
(ಈ) ವಹಿಯೊಂದಿಗೆ ತಾಳೆಯಾಗದ ಅಂಕಿಗಳನ್ನು ನೀಡುವುದು. ಒಂದು ಅಂಕಿ ತಪ್ಪೆಂದು ತಿಳಿದರೆ ಉಳಿದವನ್ನೂ ಓದುವವರು ನಂಬುವುದಿಲ್ಲ.
(ಉ) ತಾನು ಮಾಡಿದ್ದನ್ನು ಹೇಳಿಕೊಳ್ಳುವುದು ಸಂಕೋಚದ ವಿಷಯವೆಂದು ಭಾವಿಸಿ ಬಿಟ್ಟುಬಿಡುವುದು. ಇದು ವಿನಯವೆನಿಸಬಹುದು, ಆದರೆ ಲೆಕ್ಕದಲ್ಲಿ ಜಮೆಯನ್ನು ಬರೆಯದಿರುವುದೂ ಲೋಪವೇ.
(ಊ) ಸಲ್ಲಿಸಿದ ಪ್ರತಿಯನ್ನು ತಮ್ಮ ಬಳಿ ಇಟ್ಟುಕೊಳ್ಳದಿರುವುದು.

9. ವರದಿ ಕೈಸೇರಿದ ನಂತರ

ವರದಿಯನ್ನು ಪಡೆದ ನೌಕರರು ಅಂಕಗಳನ್ನಷ್ಟೇ ನೋಡದೆ, ಅಧಿಕಾರಿಗಳ ಬರಹವನ್ನು ತಮ್ಮ ಸ್ವಮೌಲ್ಯಮಾಪನದೊಂದಿಗೆ ಹೋಲಿಸಿ ಓದಬೇಕು. ಒಪ್ಪಿಗೆಯಾಗದಿದ್ದರೆ 15 ದಿನಗಳೊಳಗೆ ಮನವಿ ಸಲ್ಲಿಸಬಹುದು. ಸಕ್ಷಮ ಪ್ರಾಧಿಕಾರಿಯು ಮನವಿಯನ್ನು ಒಂದು ತಿಂಗಳೊಳಗೆ ತೀರ್ಮಾನಿಸಬೇಕು.

ಮನವಿಯಲ್ಲಿ ಅಸಮಾಧಾನಕ್ಕಿಂತ ಆಧಾರ ಮುಖ್ಯ. “ನನಗೆ ಅನ್ಯಾಯವಾಗಿದೆ” ಎಂಬ ವಾಕ್ಯಕ್ಕಿಂತ “ಸ್ವಮೌಲ್ಯಮಾಪನದ 2ನೇ ಅಂಕಣದಲ್ಲಿ ಬಾಕಿಯು 84ರಿಂದ 41ಕ್ಕೆ ಇಳಿದಿರುವುದನ್ನು ತೋರಿಸಲಾಗಿದೆ, ಇದನ್ನು ವರದಿಯಲ್ಲಿ ಅಲ್ಲಗಳೆದಿಲ್ಲ, ಆದರೂ ಕೆಲಸದ ಫಲಿತಾಂಶಕ್ಕೆ 5 ಅಂಕ ನೀಡಲಾಗಿದೆ” ಎಂಬ ವಾಕ್ಯವು ಪರಿಶೀಲನೆಗೆ ಎಡೆಕೊಡುತ್ತದೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ರಾಜ್ಯ ಸರ್ಕಾರಿ ನೌಕರರಿಗೂ ಇದೇ ದಿನಾಂಕಗಳು ಅನ್ವಯಿಸುತ್ತವೆಯೇ?
ಉತ್ತರ: ಇಲ್ಲ. ಅವರಿಗೆ ಕರ್ನಾಟಕ ಸಿವಿಲ್ ಸೇವೆಗಳ ಕಾರ್ಯನಿರ್ವಹಣಾ ವರದಿ ನಿಯಮಗಳು, 2000 ಅನ್ವಯಿಸುತ್ತವೆ. ನಮೂನೆ ಮತ್ತು ಕಾಲಮಿತಿಗಳನ್ನು ತಮ್ಮ ಇಲಾಖೆಯ ಆಡಳಿತ ಶಾಖೆಯಲ್ಲಿ ತಿಳಿದುಕೊಳ್ಳತಕ್ಕದ್ದು. ಬರೆಯುವ ಕ್ರಮ ಮಾತ್ರ ಎಲ್ಲರಿಗೂ ಒಂದೇ.

ಪ್ರಶ್ನೆ: ಖಾಸಗಿ ಸಂಸ್ಥೆಗಳಲ್ಲಿ ದುಡಿಯುವವರಿಗೆ ಈ ಮಾಹಿತಿ ಉಪಯುಕ್ತವೇ?
ಉತ್ತರ: ಅಲ್ಲಿನ ನಮೂನೆ, ಶ್ರೇಣಿ ಮತ್ತು ಮನವಿಯ ವ್ಯವಸ್ಥೆ ಆಯಾ ಸಂಸ್ಥೆಗೆ ಸೇರಿದ್ದು. ಆದರೆ ಆರಂಭ, ಸಾಧನೆ, ಬಾಕಿ, ಕಾರಣ ಮತ್ತು ಕ್ರಮ ಎಂಬ ಲೆಕ್ಕದ ರೀತಿಯನ್ನು ಅಲ್ಲಿಯೂ ಅನುಸರಿಸಬಹುದು.

ಪ್ರಶ್ನೆ: ನೌಕರರೊಬ್ಬರ ಕಾರ್ಯನಿರ್ವಹಣಾ ವರದಿಯನ್ನು ಸಾರ್ವಜನಿಕರು ಮಾಹಿತಿ ಹಕ್ಕಿನಡಿ ಪಡೆಯಬಹುದೇ?
ಉತ್ತರ: ಸಾಮಾನ್ಯವಾಗಿ ಇಲ್ಲ. ನೌಕರರ ಕಾರ್ಯನಿರ್ವಹಣೆಯು ಮುಖ್ಯವಾಗಿ ನೌಕರ ಮತ್ತು ನಿಯೋಜಕರ ನಡುವಿನ ವಿಷಯವಾಗಿದ್ದು ವೈಯಕ್ತಿಕ ಮಾಹಿತಿಯ ವ್ಯಾಪ್ತಿಗೆ ಬರುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಗಿರೀಶ್ ರಾಮಚಂದ್ರ ದೇಶಪಾಂಡೆ ಪ್ರಕರಣದಲ್ಲಿ ತೀರ್ಪು ನೀಡಿದೆ. ಹೆಚ್ಚಿನ ಸಾರ್ವಜನಿಕ ಹಿತಾಸಕ್ತಿ ಇದೆಯೆಂದು ಸಕ್ಷಮ ಪ್ರಾಧಿಕಾರಕ್ಕೆ ಮನವರಿಕೆಯಾದಲ್ಲಿ ಮಾತ್ರ ಇದಕ್ಕೆ ಅಪವಾದವಿರುತ್ತದೆ.

ಪ್ರಶ್ನೆ: ಅರ್ಜಿಯ ವಿಲೇವಾರಿಯಲ್ಲಿ ವಿಳಂಬವಾದರೆ ಅರ್ಜಿದಾರರು ಏನು ಮಾಡಬೇಕು?
ಉತ್ತರ: ಕಾರ್ಯನಿರ್ವಹಣಾ ವರದಿಯು ದೂರಿನ ವೇದಿಕೆಯಲ್ಲ. ಕೇಂದ್ರ ಸರ್ಕಾರದ ಕಛೇರಿಗಳ ಬಗ್ಗೆ ಸಿ.ಪಿ.ಗ್ರಾಮ್ಸ್ ಜಾಲತಾಣದಲ್ಲಿ ಕುಂದುಕೊರತೆ ದಾಖಲಿಸಬಹುದು. 2024ರ ಆಗಸ್ಟ್ ತಿಂಗಳ ಮಾರ್ಗಸೂಚಿಯಲ್ಲಿ ಪರಿಹಾರಕ್ಕೆ 21 ದಿನಗಳ ಮಿತಿಯನ್ನು ನಿಗದಿಪಡಿಸಲಾಗಿದೆ. ರಾಜ್ಯದ ಅಧಿಸೂಚಿತ ಸೇವೆಗಳಿಗೆ 2011ರ ಸಕಾಲ ಅಧಿನಿಯಮ ಅನ್ವಯಿಸುತ್ತದೆ. ಅದರಡಿ ವಿಳಂಬಕ್ಕೆ ದಿನಕ್ಕೆ ರೂ. 20ರಂತೆ ಗರಿಷ್ಠ ರೂ. 500ರವರೆಗೆ ಪರಿಹಾರ ವೆಚ್ಚ ಕೋರಲು ಅವಕಾಶವಿದೆ.

ಪ್ರಶ್ನೆ: ಉತ್ತಮ ಸೇವೆ ನೀಡಿದ ನೌಕರರ ಬಗ್ಗೆ ಸಾರ್ವಜನಿಕರು ಮೆಚ್ಚುಗೆ ತಿಳಿಸಬಹುದೇ?
ಉತ್ತರ: ತಿಳಿಸಬಹುದು. ಅರ್ಜಿಯ ಸಂಖ್ಯೆ, ದಿನಾಂಕ ಮತ್ತು ದೊರೆತ ಸೇವೆಯನ್ನು ಬರೆದು ಕಛೇರಿಯ ಮುಖ್ಯಸ್ಥರಿಗೆ ಕಳುಹಿಸಿದ ಪತ್ರವನ್ನು ನೌಕರರು ತಮ್ಮ ಸಾಧನೆಗೆ ಆಧಾರವಾಗಿ ಉಲ್ಲೇಖಿಸಬಹುದು. ಬಾಯಿಮಾತಿನ ಮೆಚ್ಚುಗೆ ಮರುದಿನಕ್ಕೆ ಉಳಿಯುವುದಿಲ್ಲ. ಎರಡು ಸಾಲಿನ ಪತ್ರ ಕಡತದಲ್ಲಿ ಉಳಿಯುತ್ತದೆ.

11. ಸಲ್ಲಿಸುವ ಮುನ್ನ

ಬರೆದು ಮುಗಿಸಿದ ನಂತರ ನೌಕರರು ಒಂದು ದಿನ ಬಿಟ್ಟು, ತಮ್ಮನ್ನು ಒಮ್ಮೆಯೂ ನೋಡಿರದ ಸಮಿತಿಯ ಸದಸ್ಯರ ಸ್ಥಾನದಲ್ಲಿ ನಿಂತು ಅದನ್ನು ಓದತಕ್ಕದ್ದು. ಕೆಲಸವೇನು, ಎಷ್ಟು ಆಯಿತು, ಎಷ್ಟು ಉಳಿಯಿತು, ಏಕೆ ಉಳಿಯಿತು, ಏನು ಕ್ರಮವಾಯಿತು ಎಂಬ ಐದು ಪ್ರಶ್ನೆಗಳಿಗೆ ಆ ಪುಟದಲ್ಲಿಯೇ ಉತ್ತರ ದೊರೆತರೆ ಸ್ವಮೌಲ್ಯಮಾಪನ ಸಿದ್ಧವಾಗಿದೆ ಎಂದು ತಿಳಿಯಬಹುದು. ಅಂಕಿಗಳನ್ನು ವಹಿಯೊಂದಿಗೆ ಕೊನೆಯ ಬಾರಿ ತಾಳೆ ನೋಡಿ, ಒಂದು ಪ್ರತಿಯನ್ನು ಇಟ್ಟುಕೊಂಡು, ನಿಗದಿತ ದಿನಾಂಕದೊಳಗೆ ಸಲ್ಲಿಸಿ ಸ್ವೀಕೃತಿ ಪಡೆಯುವಂತೆ ಕೋರಲಾಗಿದೆ.